ಗುಂಯ್ ಇಲ್ಲದವಳು

ನನಗೆ ಗುಂಯ್ ಇರಲಿಲ್ಲ. ನಮ್ಮೂರಿನಲ್ಲಿ ಕಣ್ಣಿಲ್ಲದವರಿದ್ದರು, ಕಾಲಿಲ್ಲದವರಿದ್ದರು, ಬಸ್ ಸ್ಟ್ಯಾಂಡಿನ ಹಿಂದೆ ಹುಟ್ಟಿನಿಂದ ಮಾತೇ ಆಡದ ಒಬ್ಬ ಚಪ್ಪಲಿ ಹೊಲಿಯುವವನಿದ್ದ. ಅವರೆಲ್ಲರಿಗೂ ಗುಂಯ್ ಇತ್ತು. ಮಾತಿಲ್ಲದ ಅವನಿಗಂತೂ ಮೋಡ ಕಂಡರೆ ಸಾಕು, ಎದುರಿನ ಹೋಟೆಲಿನವರೆಗೂ ಕೇಳುವಷ್ಟು ಗುಂಯ್ ಏಳುತ್ತಿತ್ತು. ಹೋಟೆಲಿನವನು ದೋಸೆ ಕಾವಲಿಯನ್ನು ಹೆಂಡತಿಗೆ ಒಪ್ಪಿಸಿ ಬಂದು ಅವನ ಪಕ್ಕ ಕೂರುತ್ತಿದ್ದ.

ಮನಸ್ಸಿಗೆ ಹೊರಲಾರದಷ್ಟು ಬಿದ್ದಾಗ ಎದೆಯ ಎಲುಬುಗಳು ಕೂಡುವ ಜಾಗದಿಂದ ಒಂದೇ ಸಮನೆ ಬರುವ ಸದ್ದು ಅದು. ಬಾಯಿ ಮುಚ್ಚಿಕೊಂಡರೂ ನಿಲ್ಲುವುದಿಲ್ಲ. ಕೇಳಿಸಿದವರು ಹೋಗಿ ಪಕ್ಕದಲ್ಲಿ ಕೂರಬೇಕು, ಮಂಡಿಗೆ ಮಂಡಿ ತಾಗಬೇಕು. ಏನಾಯಿತು ಎಂದು ಕೇಳಬಾರದು. ಕೂತವರಿಗೆ ಕಾಫಿ ಕೊಡಬಾರದು, ಕೊಟ್ಟರೆ ಅದು ನೆಂಟಸ್ತಿಕೆಯಾಗಿಬಿಡುತ್ತದೆ. ಗುಂಯ್ ಇಳಿದ ಮೇಲೆ ಎದ್ದು ಬಟ್ಟೆ ಕೊಡವಿಕೊಂಡು ಹೋಗಬೇಕು. ಇದಕ್ಕೆಂದೇ ಪ್ರತಿ ಮನೆಯ ಬಾಗಿಲ ಪಕ್ಕದಲ್ಲೂ ಮಂಡಿಯೆತ್ತರದ ಒಂದು ಮಣೆ ಇರುತ್ತಿತ್ತು. ಬ್ಯಾಂಕಿನಲ್ಲಿತ್ತು, ಪೊಲೀಸ್ ಠಾಣೆಯಲ್ಲಿತ್ತು, ಹೆರಿಗೆ ವಾರ್ಡಿನ ಹೊರಗೆ ಸಾಲಾಗಿ ಇದ್ದವು. ಬಾಯಿಬಿಟ್ಟು ಕರೆದು ಕೂರಿಸಿಕೊಳ್ಳುವ ಪದ್ಧತಿ ಮಾತ್ರ ಇರಲಿಲ್ಲ. ಕೇಳಿಸಬೇಕು, ಬರಬೇಕು, ಅಷ್ಟೇ.

ಅಪ್ಪ ಸತ್ತಾಗ ನಾನು ಇನ್ನೂ ಪ್ರೈಮರಿ ಶಾಲೆಯಲ್ಲಿದ್ದೆ. ಮನೆ ಜೇನುಗೂಡಿನ ಹಾಗೆ ಮೊರೆಯುತ್ತಿತ್ತು. ಅಮ್ಮನ ಎಡಕ್ಕೊಬ್ಬರು, ಬಲಕ್ಕೊಬ್ಬರು. ಅಜ್ಜಿಯ ಪಕ್ಕ ಹಾಲಿನ ಡೈರಿಯವರು, ಅಣ್ಣನ ಪಕ್ಕ ಅವನ ಮೇಷ್ಟ್ರು. ಬೀದಿಯ ಮಣೆಗಳೆಲ್ಲ ನಮ್ಮ ಹಜಾರಕ್ಕೆ ಬಂದಿದ್ದವು. ನಾನು ಬಚ್ಚಲ ಬಾಗಿಲಿಗೆ ಒರಗಿ ನಿಂತಿದ್ದೆ. ಒಳಗೆ ಬಂದವರು ಒಂದು ಗಳಿಗೆ ನನ್ನ ಕಡೆ ಕಿವಿಗೊಟ್ಟು, ಏನೂ ಕೇಳಿಸದೆ, ಅಮ್ಮನ ಕಡೆಗೇ ಹೋಗುತ್ತಿದ್ದರು. “ಅಪ್ಪ ಹೋದ್ರೂ ಒಂದ್ ಚೂರೂ ಗುಂಯ್ ಇಲ್ವಲ್ಲೇ ಇದಕ್ಕೆ. ಕಲ್ಲು ಕಣಮ್ಮ, ಕಲ್ಲು” ಎಂದು ಸೋದರತ್ತೆ ಯಾರಿಗೋ ಹೇಳಿದಳು. ನಾನು ಬಾಗಿಲಿಗೆ ನೇತುಹಾಕಿದ್ದ ಅಪ್ಪನ ಟವೆಲನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದೆ. ಅದು ಹೊರಗೆ ಕೇಳುವಂಥದ್ದಲ್ಲ. ಒಂದು ಮಣೆ ಸಂಜೆಯವರೆಗೂ ಖಾಲಿ ಬಿದ್ದಿತ್ತು, ಕೊನೆಗೆ ಅದರ ಮೇಲೆ ನಾನೇ ಕೂತೆ.

ಹಾಸ್ಟೆಲಿಗೆ ಬಂದ ಮೇಲೆ ಲೈಬ್ರರಿ ಸಿಕ್ಕಿತು. ಓದುವ ಹುಚ್ಚಿನಿಂದಲ್ಲ. ಪರೀಕ್ಷೆ ಹತ್ತಿರ ಬಂದಾಗ ಹುಡುಗಿಯರೆಲ್ಲ ಜೋಡಿ ಜೋಡಿಯಾಗಿ ಹಾಸಿಗೆಯ ಮೇಲೆ ಮಂಡಿ ತಾಗಿಸಿ ಕೂತು ಗುಂಯ್‌ಗುಡುತ್ತಿದ್ದರು. ಆ ಕೋಣೆಯಲ್ಲಿ ನನಗೆ ಮಾಡಲು ಕೆಲಸವಿರಲಿಲ್ಲ. ಲೈಬ್ರರಿಯಲ್ಲಿ ಇದ್ದದ್ದನ್ನೆಲ್ಲ ಓದಿದೆ, ಕೋಳಿ ಸಾಕಣೆ, ಮನೆ ವೈರಿಂಗು, ಉಸಿರಾಟದ ಮೇಲೆ ಯಾರೋ ಸ್ವಾಮಿಗಳು ಬರೆದ ದಪ್ಪ ಪುಸ್ತಕ. ಒಂದು ಸಲ, ಫಲಿತಾಂಶದ ಹಿಂದಿನ ದಿನ, ಪಕ್ಕದ ಮಂಚದ ರತ್ನಪ್ರಭಳನ್ನು ನಾಚಿಕೆ ಬಿಟ್ಟು ಕೇಳಿದೆ. “ಸ್ವಲ್ಪ ಹೊತ್ತು ನನ್ ಪಕ್ಕ ಕೂತ್ಕೊಳ್ತೀಯಾ?”

ರತ್ನಪ್ರಭ ಕೆಟ್ಟವಳಲ್ಲ. ಬಂದು ಕೂತಳು. ಮಂಡಿಯನ್ನೂ ತಾಗಿಸಿದಳು. ಸ್ವಲ್ಪ ಹೊತ್ತಿಗೆ ಮಿಸುಕಾಡಲು ಶುರು ಮಾಡಿದಳು. “ಏನೂ ಕೇಳಿಸ್ತಿಲ್ವಲ್ಲೇ, ಮಾದಲಾ.”

“ಕೇಳ್ಸಲ್ಲ. ಸುಮ್ನೆ ಕೂತ್ಕೊ.”

“ಅಲ್ವೇ, ಸದ್ದಿಲ್ದೆ ಇದ್ರೆ ಯಾವಾಗ ಏಳ್ಬೇಕು ಅಂತ ಹೆಂಗ್ ಗೊತ್ತಾಗುತ್ತೆ?”

ಅವಳಿಗೆ ನಗು ಬಂತು, ನನಗೂ ಬಂತು. ಎದ್ದು ಹೋದಳು. ಆಮೇಲೆ ನಾನು ಯಾರನ್ನೂ ಕೇಳಲಿಲ್ಲ. ಗುಂಯ್ ಇಲ್ಲದವರು ಕೂತರೆ ಬೇರೆಯವರ ಗುಂಯ್ ಇಳಿಯುವುದಿಲ್ಲ ಎಂದೂ ಊರಿನಲ್ಲಿ ಒಂದು ನಂಬಿಕೆಯಿತ್ತು. ಹಾಗಾಗಿ ನಾನಾಗಿ ಯಾರ ಪಕ್ಕದಲ್ಲೂ ಕೂತವಳಲ್ಲ. ಹೋಟೆಲಿನಲ್ಲಿ, ಬಸ್ಸಿನಲ್ಲಿ ಪಕ್ಕದವರಿಗೆ ಗುಂಯ್ ಎದ್ದರೆ ನಾನು ಎದ್ದು ಜಾಗ ಬಿಡುತ್ತಿದ್ದೆ. ಅದೇ ನನ್ನಿಂದಾಗುವ ಉಪಕಾರ.

ನಮ್ಮೂರಿನ ಐಸ್ ಫ್ಯಾಕ್ಟರಿಯ ಮೇಲಿನ ಅಂತಸ್ತಿನಲ್ಲಿ ಧನಪಾಲ ಎನ್ನುವವರ ಒಂದು ಸಣ್ಣ ಕಂಪನಿಯಿತ್ತು. ಅಂಗಡಿಗಳಿಗೆ ಬಿಲ್ಲಿನ ಸಾಫ್ಟ್‌ವೇರ್ ಮಾಡಿ ಕೊಡುತ್ತಿದ್ದರು. ಅವರಿಗಿದ್ದ ತೊಂದರೆ ಊರಿಗೇ ಗೊತ್ತಿತ್ತು. ವ್ಯಾಪಾರ ಕುದುರಿಸಲು ಕೂತರೆ ಅವರ ಎದೆ ಗುಂಯ್‌ಗುಡುತ್ತಿತ್ತು, ಎದುರಿಗಿದ್ದ ಗಿರಾಕಿ ಪಾಪ ಪದ್ಧತಿಯಂತೆ ಎದ್ದು ಬಂದು ಇವರ ಪಕ್ಕದಲ್ಲೇ ಕೂರುತ್ತಿದ್ದ. ಮಂಡಿ ತಾಗಿಸಿಕೊಂಡು ಕೂತವನ ಜೊತೆ ಚೌಕಾಸಿ ಮಾಡುವುದು ಹೇಗೆ? ಹೀಗೆ ಅನೇಕ ವ್ಯವಹಾರ ಕೆಟ್ಟ ಮೇಲೆ ಅವರಿಗೆ ಒಂದು ಆ್ಯಪ್ ಮಾಡುವ ಯೋಚನೆ ಬಂತು. ಕೆಲಸವಿರುವ ಜನಕ್ಕೆ, ಪುರುಸೊತ್ತಿಲ್ಲದ ಜನಕ್ಕೆ, ಯಾರೂ ಬಂದು ಕೂರದೆ ತಮ್ಮಷ್ಟಕ್ಕೆ ತಾವೇ ಗುಂಯ್ ಇಳಿಸಿಕೊಳ್ಳಲು.

ಅದರ ಕೆಲಸಕ್ಕೆಂದು ಸಂದರ್ಶನಕ್ಕೆ ಹೋದಾಗ ಬೆಂಚಿನ ಮೇಲಿದ್ದವರೆಲ್ಲ ಗುಂಯ್‌ಗುಡುತ್ತ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದರು. ನಾನು ತುದಿಯಲ್ಲಿದ್ದೆ. ಧನಪಾಲ್ ಸರ್ ಬಾಗಿಲಿನಿಂದ ಇಣುಕಿ ನೇರವಾಗಿ ನನ್ನನ್ನೇ ಕರೆದರು.

“ಏನ್ರೀ ಇದು, ಒಂದ್ ಸೊಳ್ಳೆಯಷ್ಟೂ ಸದ್ದಿಲ್ಲ ನಿಮ್ಮದು. ಇಷ್ಟು ಶಾಂತವಾಗಿ ಇರೋದು ಹೇಗೆ?”

“ಶಾಂತವಾಗಿಲ್ಲ ಸರ್. ಕೈ ನೋಡಿ, ನಡುಗ್ತಿದೆ.”

“ತಮಾಷೆ ಬೇರೆ ಮಾಡ್ತೀರಿ” ಎಂದು ನಕ್ಕರು. “ನಿಮ್ಮಂಥೋರೇ ಬೇಕು ನಮಗೆ. ಜನ ನಿಮ್ಮ ಹಾಗೆ ಆಗ್ಬೇಕು.”

ನನ್ನ ಹಾಗೆ ಆಗುವುದು ಎಂದರೇನು ಎಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಕೆಲಸ ಬೇಕಿತ್ತು. ಒಪ್ಪಿಕೊಂಡೆ.

ತೆರೆಯ ಮೇಲೆ ಏನು ಕಾಣಬೇಕು, ಏನು ಕೇಳಬೇಕು, ಯಾವುದು ಮೊದಲು ಯಾವುದು ಆಮೇಲೆ, ಇದೆಲ್ಲ ನನ್ನ ಪಾಲು. ಅದನ್ನು ಯಂತ್ರಕ್ಕೆ ತಿಳಿಯುವ ಹಾಗೆ ಬರೆಯುವುದು ಸಮೀವುಲ್ಲಾನ ಪಾಲು. ಸಮೀ ನನಗಿಂತ ಸ್ವಲ್ಪ ದೊಡ್ಡವನು, ಎತ್ತರದವನು, ಅಮ್ಮಿಯ ಜೊತೆ ಹಳೇ ಪೇಟೆಯಲ್ಲಿದ್ದ. ಇಬ್ಬರಿಗೂ ಸೇರಿ ಒಂದೇ ಮೇಜು. ಕೆಳಗಡೆ ಐಸ್ ಫ್ಯಾಕ್ಟರಿಯ ಮೋಟಾರು ಓಡುವಾಗ ಮೇಜಿನ ಮೇಲಿನ ಲೋಟ ನಿಧಾನಕ್ಕೆ ಜರುಗಿ ಅಂಚಿಗೆ ಬರುತ್ತಿತ್ತು. ಬೀಳುವ ಮುಂಚೆ ಯಾರು ಹಿಡಿಯುತ್ತಾರೆ ಎನ್ನುವುದು ನಮ್ಮ ಆಟ.

ಮೊದಲು ಒಂದು ಕೊಳದ ಚಿತ್ರ ಇಟ್ಟೆವು. ನೋಡಿದವರು ಸೊಳ್ಳೆ ನೆನಪಾಗುತ್ತದೆ ಎಂದರು. ಈಗ ನಿಮಗೆ ಹೇಗನ್ನಿಸುತ್ತಿದೆ ಎಂದು ಕೇಳಿ ನಗುವ ಮುಖ, ಅಳುವ ಮುಖ ಇಟ್ಟೆವು. ಎದೆ ಗುಂಯ್‌ಗುಡುತ್ತಿದ್ದವರೂ ಮರ್ಯಾದೆಗೆ ನಗುವ ಮುಖವನ್ನೇ ಒತ್ತಿದರು. ಅದನ್ನು ತೆಗೆದೆ. ಶುರು ಮಾಡಲು ಒತ್ತುವ ಗುಂಡಿಯನ್ನು ದೊಡ್ಡದು ಮಾಡಿದೆ, ನಡುಗುವ ಬೆರಳಿಗೂ ಸಿಗಬೇಕೆಂದು. ಅದು ನನ್ನ ಅನುಭವದಿಂದ ಬಂದ ಒಂದೇ ಒಳ್ಳೆಯ ತಿದ್ದುಪಡಿ. ಆಮೇಲೆ ಧನಪಾಲ್ ಸರ್ ಗಂಭೀರ ಕಂಠದ ಒಬ್ಬರನ್ನು ಕರೆತಂದು, “ನಿಮ್ಮ ಆಲೋಚನೆಗಳನ್ನು ಮೋಡಗಳಂತೆ ತೇಲಿಬಿಡಿ” ಎಂದು ಹೇಳಿಸಿದರು. ಇಟ್ಟಿಗೆ ಗೂಡಿನ ಯಜಮಾನರೊಬ್ಬರ ಮೇಲೆ ಪ್ರಯೋಗಿಸಿದೆವು. ಮೋಡ ಎಂದ ಕೂಡಲೆ, ಸುಡದ ಇಟ್ಟಿಗೆ ನೆನಪಾಗಿ, ಇದ್ದ ಗುಂಯ್ ಇಮ್ಮಡಿಯಾಯಿತು. ಸಮೀಯೂ ಧನಪಾಲ್ ಸರ್ ಕೂಡ ಅವರ ಎರಡು ಪಕ್ಕ ಕೂರಬೇಕಾಯಿತು.

ನನ್ನ ಮನೆ ಒಡತಿ ಗೌರಮ್ಮಣ್ಣಿಗೂ ಕೊಟ್ಟು ನೋಡಿದೆ. “ಕಣ್ಣು ಮುಚ್ಚಿಕೊಳ್ಳಿ ಅಂತದಲ್ಲೇ ಇದು” ಎಂದು ಫೋನನ್ನು ದೂರ ಹಿಡಿದರು. “ಕಣ್ ಮುಚ್ಕೊಂಡ್ರೆ ಒಲೆ ಮೇಲಿರೋ ಹಾಲನ್ನ ಇದರಪ್ಪ ನೋಡ್ತಾನಾ?” ಮರುದಿನ ಕಣ್ಣು ಮುಚ್ಚುವ ಮಾತನ್ನೂ ತೆಗೆದೆ.

ಪ್ರಯೋಗಕ್ಕೆ ಎಲ್ಲಕ್ಕಿಂತ ಸುಲಭವಾಗಿ ಸಿಗುತ್ತಿದ್ದವನು ಸಮೀಯೇ. ಮಧ್ಯಾಹ್ನದ ಊಟವಾಗಿ ಸ್ವಲ್ಪ ಹೊತ್ತಿಗೆ ದಿನವೂ ಅವನಿಗೆ ಗುಂಯ್ ಏಳುತ್ತಿತ್ತು. ತೆಳ್ಳಗೆ, ತಂತಿ ಮೀಟಿದ ಹಾಗೆ. ಯಾಕೆಂದು ನಾನು ಕೇಳುವಂತಿರಲಿಲ್ಲ. ಮೊದಲ ದಿನ ನಾನು ಅಭ್ಯಾಸದಂತೆ ಎದ್ದು ಜಾಗ ಬಿಟ್ಟೆ.

“ಎಲ್ಲಿಗ್ರೀ ಹೊರಟ್ರಿ?” ಎಂದ.

“ಬೇರೆ ಯಾರನ್ನಾದ್ರೂ ಕಳಿಸ್ತೀನಿ. ನಂಗೆ ಗುಂಯ್ ಇಲ್ಲ. ನಾನ್ ಕೂತ್ರೆ ಇಳಿಯಲ್ಲ.”

“ಅದ್ಯಾರು ಹೇಳಿದ್ದು? ಇಳೀದಿದ್ರೆ ಹೋಯ್ತು. ಬನ್ರೀ, ಮಣೆ ಎಳ್ಕೊಳ್ಳಿ. ಶಾಸ್ತ್ರ ಕೇಳ್ತಾ ಕೂತ್ರೆ ನನ್ ತಲೆ ಒಡ್ದುಹೋಗುತ್ತೆ.”

ಕೂತೆ. ಮಂಡಿ ತಾಗಿತು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಲೋಟ ನೋಡುತ್ತಿದ್ದೆ. ಲೋಟ ಅಂಚಿಗೆ ಬಂತು, ಇಬ್ಬರೂ ಹಿಡಿಯಲಿಲ್ಲ. ಅದು ಬಿದ್ದು ಉರುಳಿ ನಿಲ್ಲುವಷ್ಟರಲ್ಲಿ ಅವನ ಗುಂಯ್ ಇಳಿದಿತ್ತು. “ನೋಡಿ, ಇಳೀತಲ್ಲ! ನಿಮ್ಮೂರ ನಂಬಿಕೆಗೆ ಬೆಂಕಿ ಹಾಕ” ಎಂದ. ಅವನದೂ ಅದೇ ಊರು ಎನ್ನುವುದು ಅವನಿಗೆ ಆ ಕ್ಷಣಕ್ಕೆ ಮರೆತಿತ್ತು.

ಆಮೇಲೆ ಅದು ನಡೆದುಕೊಂಡು ಬಂತು. ಊಟವಾದ ಮೇಲೆ ನಾನು ಕಿವಿ ನಿಮಿರಿಸಿಕೊಂಡು ಕಾಯುತ್ತಿದ್ದೆ. ಮೋಟಾರಿನ ಸದ್ದಿನೊಳಗಿನಿಂದ ಅವನ ಸಣ್ಣ ಗುಂಯ್ ಬೇರೆಯಾಗಿ ಎದ್ದು ಬರುತ್ತಲೇ ಮಣೆ ಎಳೆದುಕೊಳ್ಳುತ್ತಿದ್ದೆ. ಇಳಿದ ಮೇಲೆ ನಾನು ತಕ್ಷಣ ಏಳುತ್ತಿರಲಿಲ್ಲ, ಅವನೂ ಏಳಿ ಎನ್ನುತ್ತಿರಲಿಲ್ಲ. ಅವನ ಅಮ್ಮಿ ಬೆಕ್ಕನ್ನು ಬೈಯುವ ರೀತಿ, ಹಳೇ ಪೇಟೆಯ ನಲ್ಲಿ ಜಗಳ, ಇಂಥ ಮಾತು. ಅವನು ನನ್ನ ಪಕ್ಕ ಕೂತದ್ದಲ್ಲ, ನಾನು ಅವನ ಪಕ್ಕ ಕೂತದ್ದು. ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮಂಡಿಗೆ ಅದು ಗೊತ್ತಾಗುವುದಿಲ್ಲ.

ಆ್ಯಪ್ ಮುಗಿದರೆ ಈ ಮಣೆ ನನಗಿಲ್ಲ ಎನ್ನುವುದೂ ಗೊತ್ತಿತ್ತು. ಮುಗಿಯದ ಹಾಗೆ ಮಾಡಬಹುದಿತ್ತು, ಒಂದು ಕೆಟ್ಟ ಧ್ವನಿ, ಕೈಗೆ ಸಿಗದ ಒಂದು ಗುಂಡಿ. ಯೋಚಿಸಿದೆ, ಮಾಡಲಿಲ್ಲ. ಒಳ್ಳೆಯತನದಿಂದಲ್ಲ. ಕೆಲಸ ಕಲಿತವಳಿಗೆ ಬೇಕೆಂದೇ ಕೆಡಿಸಲು ಕೈ ಬರುವುದಿಲ್ಲ.

ಅವನೇ ಕಂಡುಹಿಡಿದ. ಒಂದು ಮಧ್ಯಾಹ್ನ ಗುಂಯ್ ಇಳಿದ ಮೇಲೆ ಥಟ್ಟನೆ ನನ್ನ ಕಡೆ ತಿರುಗಿದ. “ಮಾದಲಾ, ಸ್ವಲ್ಪ ಉಸಿರು ಹಿಡೀರಿ.” ಹಿಡಿದೆ. “ಈಗ ಬಿಡಿ. ಹಾ! ಅದೇ ಕಣ್ರೀ. ಚಿತ್ರ ಅಲ್ಲ, ಮಾತಲ್ಲ, ನಿಮ್ಮ ಉಸಿರು. ಬೇರೆಯೋರೆಲ್ಲ ಪಕ್ಕ ಕೂತ್ರೆ ಅವರ ಉಸಿರಲ್ಲಿ ಅವರದ್ದೂ ಒಂಚೂರು ಗುಂಯ್ ಇರುತ್ತೆ. ನಿಮ್ಮದ್ರಲ್ಲಿ ಏನೂ ಇಲ್ಲ. ಖಾಲಿ. ಅದನ್ನ ಕೇಳ್ತಾ ಕೇಳ್ತಾ ನಂದು ತಾನಾಗೇ ಇಳಿಯುತ್ತೆ.”

ಅವನ ಮುಖದಲ್ಲಿ ಅಷ್ಟು ಖುಷಿಯಿತ್ತು. ನನ್ನ ಬಗ್ಗೆ ಯಾರೂ ಅಷ್ಟು ಖುಷಿಪಟ್ಟದ್ದು ನಾನು ನೋಡಿರಲಿಲ್ಲ. ಖಾಲಿ ಎನ್ನುವ ಮಾತನ್ನು ನುಂಗಿಕೊಂಡೆ.

ಹಳೆಯ ಉಗ್ರಾಣದ ಕೋಣೆಗೆ ಗೋಡೆ ತುಂಬ ಹಾಸಿಗೆ ಅಂಗಡಿಯ ಫೋಮ್ ಹೊಡೆಸಿದರು. ಒಂದು ಕಡೆ ಸಣ್ಣ ಗಾಜು. ಒಳಗೆ ಒಂದು ಕುರ್ಚಿ, ಒಂದು ಮೈಕು, ಎಲ್ಲ ಕೋಣೆಗಳಲ್ಲೂ ಇರುವ ಹಾಗೆ ಒಂದು ಮಣೆ. ಒಳಗಿನ ಸದ್ದು ಹೊರಗೆ ಕೇಳುವುದಿಲ್ಲ, ಮೈಕಿನ ಮೂಲಕ ಸಮೀಯ ಹೆಡ್‌ಫೋನಿಗೆ ಮಾತ್ರ. ಇಷ್ಟಾದರೂ ಕೆಳಗಿನ ಮೋಟಾರು ನೆಲದಿಂದ ಹತ್ತಿ ಬರುತ್ತಿತ್ತು, ಅದು ಬಂದ ತುಣುಕನ್ನೆಲ್ಲ ಸಮೀ ಕತ್ತರಿಸಿ ಬಿಸಾಡುತ್ತಿದ್ದ. ಒಮ್ಮೆ ಪರೀಕ್ಷೆಗೆಂದು ಅವನದೇ ಗುಂಯ್ ಅನ್ನು ರೆಕಾರ್ಡ್ ಮಾಡಿ ಕೇಳಿದೆವು. ಮೈಕಿನಲ್ಲಿ ಹಾದು ಬಂದ ಮೇಲೆ ಅದು ಮನುಷ್ಯನದ್ದು ಅನ್ನಿಸಲಿಲ್ಲ. “ಅಮ್ಮಿ ಮಿಕ್ಸಿ ಥೇಟ್ ಹಿಂಗೇ” ಎಂದು ನಕ್ಕ. ನಾನು ಒಳಗೆ ಕೂತು ಉಸಿರಾಡಿದೆ. ಜೀವನದಲ್ಲಿ ನನಗೆ ಅತ್ಯಂತ ಸುಲಭವಾಗಿ ಆದ ಕೆಲಸ ಅದು.

ಮರುದಿನ ಊಟವಾದ ಮೇಲೆ ಅವನಿಗೆ ಗುಂಯ್ ಎದ್ದಿತು. ನಾನು ಮಣೆ ಎಳೆದುಕೊಂಡು ಅರ್ಧ ಬಗ್ಗಿದ್ದೆ. ಅವನು ಇಯರ್‌ಫೋನ್ ಹಾಕಿಕೊಂಡು ದೊಡ್ಡ ಗುಂಡಿ ಒತ್ತಿದ. ಮೋಟಾರಿನ ಸ್ವಿಚ್ಚು ಆರಿಸಿದ ಹಾಗೆ ಗುಂಯ್ ನಿಂತಿತು. ಅವನು ಕಣ್ಣರಳಿಸಿ ನನ್ನ ಕಡೆ ಹೆಬ್ಬೆರಳು ಎತ್ತಿ ತೋರಿಸಿದ. ಅರ್ಧ ಬಗ್ಗಿದವಳು ಮಣೆಯನ್ನು ಮತ್ತೆ ಗೋಡೆಗೆ ಸರಿಸಿ ನನ್ನ ಕುರ್ಚಿಯಲ್ಲಿ ಕೂತೆ. ಧನಪಾಲ್ ಸರ್ ಓಡಿ ಬಂದು ಇಬ್ಬರ ಕೈಯನ್ನೂ ಕುಲುಕಿದರು.

ಆ್ಯಪ್‌ಗೆ ‘ಸುಮ್ಮನೆ’ ಎಂದು ಹೆಸರಿಟ್ಟೆವು. ಜನ ಬಹಳ ಬೇಗ ಒಪ್ಪಿಕೊಂಡರು. ಅದರಲ್ಲಿ ಮೋಸವೇನಿಲ್ಲ, ಅವರಿಗೆ ನಿಜವಾಗಿಯೂ ಅನುಕೂಲವಾಯಿತು. ಬಸ್ಸಿನ ಕಂಡಕ್ಟರುಗಳು ನಡುದಾರಿಯಲ್ಲಿ ಬಸ್ಸು ನಿಲ್ಲಿಸಿ ಕೂರುವುದು ತಪ್ಪಿತು. ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿಯ ಎದೆ ಸುಮ್ಮನಿರತೊಡಗಿತು. ಕೂರಲು ಬರುವವರೆಲ್ಲ ದೇವತೆಗಳೂ ಆಗಿರಲಿಲ್ಲ. ಕೂತಲ್ಲೇ ಅಡುಗೆಮನೆಗೆ ಮೂಗು ಚಾಚುವವರು, ಬಾಯಿ ವಾಸನೆಯವರು, ಬೇಕೆಂದೇ ಮಂಡಿಯನ್ನು ಒತ್ತುವ ಗಂಡಸರು, ಎಲ್ಲ ಇದ್ದರು. ಒಬ್ಬ ನರ್ಸು ನನ್ನನ್ನು ಬೀದಿಯಲ್ಲಿ ನಿಲ್ಲಿಸಿ, “ಡ್ಯೂಟಿ ಮುಗಿಯೋವರೆಗೂ ನಿಮ್ಮ ಉಸಿರೇ ನನ್ನ ಕಿವೀಲಿರುತ್ತೆ ಮೇಡಂ, ಪುಣ್ಯಾತ್ಗಿತ್ತಿ ನೀವು” ಎಂದು ಕೈಹಿಡಿದುಕೊಂಡಳು. ಅವಳು ಸುಳ್ಳು ಹೇಳಲಿಲ್ಲ.

ಗೌರಮ್ಮಣ್ಣಿ ತಮ್ಮ ಬಾಗಿಲ ಮಣೆಯನ್ನು ಗ್ಯಾಸ್ ಸಿಲಿಂಡರಿನ ಕೆಳಗೆ ಕೊಟ್ಟರು. “ಸುಮ್ನೆ ಕಾಲಿಗೆ ಎಡವುತ್ತಿತ್ತು ಕಣೇ” ಎಂದರು. ಪಕ್ಕದ ಮನೆಯವರು ಮಣೆಗೆ ಚಕ್ರ ಹಾಕಿಸಿ ಮಗುವಿನ ಗಾಡಿ ಮಾಡಿದರು. ಬ್ಯಾಂಕಿನವರು ಅದರ ಮೇಲೆ ಹೂಕುಂಡ ಇಟ್ಟರು. ಬೀದಿ ಎಷ್ಟು ನಿಶ್ಶಬ್ದವಾಯಿತೆಂದರೆ ಮರದ ಮೇಲೆ ಗಿಣಿಗಳಿರುವುದು ಆಗ ಗೊತ್ತಾಯಿತು. ಒಂದು ದಿನ ಬಸ್ಸಿನಲ್ಲಿ ನನ್ನ ಪಕ್ಕದ ಹೆಂಗಸಿನ ಇಯರ್‌ಫೋನಿನಿಂದ ನನ್ನ ಉಸಿರು ಸೋರುತ್ತಿತ್ತು. ನಾನು ಕೇಳುತ್ತ ಕೂತೆ. ನನ್ನ ಮಂಡಿ ತಾಗಿತೆಂದು ಆಕೆ ಕಣ್ಣು ಬಿಡದೆಯೇ ಕಿಟಕಿಯ ಕಡೆ ಜರುಗಿಕೊಂಡಳು.

ಸಮೀಗೆ ಬೇರೆ ಕೋಣೆ, ಬೇರೆ ಮೇಜು ಸಿಕ್ಕಿತು. ಕೆಲಸ ಹೆಚ್ಚಿತ್ತು. ಎದುರು ಸಿಕ್ಕಾಗ ಒಂದು ಕಿವಿಯ ಇಯರ್‌ಫೋನ್ ತೆಗೆದು ನಗುತ್ತಿದ್ದ. “ಏನ್ ಮಾದಲಾ, ದಿನಾ ನಿಮ್ಮನ್ನೇ ಕೇಳ್ತಾ ಇರ್ತೀನಿ” ಎನ್ನುತ್ತಿದ್ದ. ಊಟವಾದ ಮೇಲೆ ಅವನಿಗೆ ಯಾಕೆ ಗುಂಯ್ ಏಳುತ್ತಿತ್ತು ಎನ್ನುವುದು ನನಗೆ ಕೊನೆಗೂ ತಿಳಿಯಲಿಲ್ಲ. ದಿನವೂ ಕೂರುತ್ತಿದ್ದರೆ ಒಂದಲ್ಲ ಒಂದು ದಿನ ತಾನಾಗಿಯೇ ಹೇಳುತ್ತಿದ್ದನೋ ಏನೋ. ಮೇಜಿನ ಮೇಲೆ ಈಗಲೂ ಲೋಟ ಜರುಗುತ್ತಿತ್ತು. ಒಬ್ಬಳೇ ಇದ್ದಾಗ ಅದು ಆಟವಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಕೆಲವರಿಗೆ ಹಳೆಯ ಉಸಿರು ಸಾಲದಾಯಿತು. ಕೇಳಿ ಕೇಳಿ ಕಿವಿ ಒಗ್ಗಿಹೋಗಿತ್ತು. ಧನಪಾಲ್ ಸರ್ ಇನ್ನೂ ಉದ್ದದ್ದು ಬೇಕೆಂದರು. “ನಿಮಗೇನ್ರೀ ಕಷ್ಟ? ಕೂರೋದು, ಉಸಿರಾಡೋದು. ಪುಣ್ಯವಂತೆ ನೀವು, ಚಿಂತೆ ಅನ್ನೋದೇ ಗೊತ್ತಿಲ್ಲ.” ಶುಕ್ರವಾರ ಐಸ್ ಫ್ಯಾಕ್ಟರಿಗೆ ರಜೆ, ಮೋಟಾರಿನ ಕಾಟವಿಲ್ಲ ಎಂದು ಅಂದೇ ರೆಕಾರ್ಡಿಂಗ್ ಇಟ್ಟುಕೊಂಡರು. ಸಮೀ ಅರ್ಧ ದಿನ ರಜೆ ಹಾಕುವವನು, ನಮಾಜು ಮುಗಿಸಿ ಇದಕ್ಕಾಗಿಯೇ ಬಂದ.

ನಾನು ಒಳಗೆ ಕೂತೆ. ಫ್ಯಾನು ಆರಿಸಿದ್ದರು. ಗಾಜಿನಾಚೆ ಸಮೀ ಹೆಡ್‌ಫೋನ್ ಹಾಕಿಕೊಂಡು ಕೈ ಎತ್ತಿದ. ಉಸಿರಾಡಲು ಶುರು ಮಾಡಿದೆ. ಮೊದಲು ಎಲ್ಲ ಸರಿಯಿತ್ತು. ಆಮೇಲೆ ನನ್ನ ಕಣ್ಣು ಮೂಲೆಯ ಮಣೆಯ ಮೇಲೆ ಬಿತ್ತು. ಹೊಸದು, ಒಮ್ಮೆಯೂ ಯಾರೂ ಕೂತದ್ದಲ್ಲ. ಅದರ ಮೇಲೆ ಬೆಲೆಯ ಚೀಟಿ ಇನ್ನೂ ಅಂಟಿಕೊಂಡಿತ್ತು. ನೋಡುತ್ತಿದ್ದ ಹಾಗೆ ಬಚ್ಚಲ ಬಾಗಿಲು ನೆನಪಾಯಿತು. ಎಲುಬುಗಳು ಕೂಡುವ ಜಾಗದಲ್ಲಿ ಯಾರೋ ಒಳಗಿನಿಂದ ಬೆರಳಿಟ್ಟು ಒತ್ತಿದ ಹಾಗಾಯಿತು. ಗ್ಯಾಸ್ಟ್ರಿಕ್ ಎಂದುಕೊಂಡೆ. ಆಮೇಲೆ ಸದ್ದು ಕೇಳಿಸಿತು.

ಕೆಳಗಿನ ಮೋಟಾರು ಎಂದೇ ನಾನೂ ಮೊದಲು ಅಂದುಕೊಂಡದ್ದು. ಕೈಯನ್ನು ಎದೆಯ ಮೇಲಿಟ್ಟರೆ ಅಂಗೈ ನಡುಗುತ್ತಿತ್ತು. ತಗ್ಗಿನ ಸದ್ದು, ಒರಟು, ಹೆಣ್ಣಿನದು ಎಂದು ಹೇಳಲಾಗದಂಥದ್ದು. ಅಷ್ಟು ವರ್ಷ ಎಲ್ಲಿತ್ತೋ ಗೊತ್ತಿಲ್ಲ. ಸಂತೋಷವಾಯಿತು ಎಂದು ಹೇಳಲಾರೆ, ಹೆದರಿಕೆಯಾಯಿತು. ಆದರೂ ಮೈಕಿಗೆ ಇನ್ನಷ್ಟು ಹತ್ತಿರ ಬಗ್ಗಿದೆ.

ಗಾಜಿನಾಚೆ ಸಮೀ ಹುಬ್ಬು ಗಂಟಿಕ್ಕಿದ. ಹೆಡ್‌ಫೋನನ್ನು ಎರಡು ಕೈಯಿಂದ ಕಿವಿಗೆ ಒತ್ತಿಕೊಂಡ. ನನ್ನ ಕಡೆ ನೋಡಿದ. ಎದ್ದು ನಿಂತ. ನಾನು ಮಣೆಯನ್ನು ಕಾಲಿನಿಂದ ಕುರ್ಚಿಯ ಪಕ್ಕಕ್ಕೆ ಎಳೆದುಕೊಂಡೆ, ಸೀರೆಯ ನಿರಿಗೆ ಸರಿಸಿ ಮಂಡಿಗೆ ಜಾಗ ಬಿಟ್ಟುಕೊಂಡೆ. ಬಾಗಿಲು ತೆರೆಯಿತು. ಅವನು ಒಳಗೆ ಬಂದ. ಹೆಡ್‌ಫೋನ್ ಕಿವಿಯ ಮೇಲೇ ಇತ್ತು, ಅದರ ವೈರು ಹಿಂದೆ ಎಳೆದುಕೊಂಡು ಬರುತ್ತಿತ್ತು. ಮಾತಾಡಬೇಡಿ ಎಂದು ನನಗೆ ಬೆರಳು ತೋರಿಸಿ, ಮಣೆಯ ಪಕ್ಕದಲ್ಲೇ ಬಗ್ಗಿ, ಗೋಡೆಯ ಪ್ಲಗ್ಗನ್ನು ಅಲುಗಾಡಿಸಿದ. ಮೈಕಿನ ವೈರನ್ನು ಒಮ್ಮೆ ಕಿತ್ತು ಮತ್ತೆ ಹಾಕಿದ. ಅವನ ಮೊಣಕೈ ನನ್ನ ಮಂಡಿಯಿಂದ ಒಂದು ಗೇಣು ದೂರದಲ್ಲಿತ್ತು. ಕಿವಿ ಮುಚ್ಚಿಕೊಂಡಿದ್ದವನಿಗೆ ಮೈಕು ಕೇಳಿಸಿದ್ದಷ್ಟೇ ಕೇಳಿಸುತ್ತಿತ್ತು. ಎದ್ದು, ಆಯಿತು ಎನ್ನುವ ಹಾಗೆ ತಲೆಯಾಡಿಸಿ, ಬಾಗಿಲು ಮುಚ್ಚಿಕೊಂಡು ಹೋದ.

ಸ್ವಲ್ಪ ಹೊತ್ತಿಗೆ ಅದು ತಾನಾಗಿಯೇ ಇಳಿಯಿತು. ಪಕ್ಕದಲ್ಲಿ ಯಾರೂ ಕೂರದೆಯೂ ಇಳಿಯುತ್ತದೆ ಎಂದು ನಮ್ಮೂರಿನಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಉಳಿದ ಉಸಿರನ್ನು ಮುಗಿಸಿ ಹೊರಗೆ ಬಂದೆ. ಸಮೀ ತೆರೆಯ ಮೇಲೆ ಏನೋ ಎಳೆದು ಜೋಡಿಸುತ್ತಿದ್ದ.

“ಹೆಂಗ್ ಬಂತು?” ಎಂದೆ.

“ಫಸ್ಟ್ ಕ್ಲಾಸ್. ಮಧ್ಯದಲ್ಲಿ ಒಂದು ಕಡೆ ಸದ್ದು ಸೇರ್ಕೊಂಡಿತ್ತು. ಕತ್ತರಿಸ್ಬಿಟ್ಟೆ.”

“ಏನ್ ಸದ್ದು?”

“ಕೆಳಗಿನ ಮೋಟಾರು. ಇನ್ನೇನು?”

“ಇವತ್ತು ಶುಕ್ರವಾರ, ಸಮೀ. ಮೋಟಾರು ಇಲ್ಲ.”

ಅವನು ಕೈ ನಿಲ್ಲಿಸಿ ಯೋಚಿಸಿದ. “ಹೌದಲ್ವಾ? ಹಂಗಾದ್ರೆ ಫ್ಯಾನಿರ್ಬೇಕು.”

“ಫ್ಯಾನ್ ಆರಿಸಿದ್ರಲ್ಲ.”

“ಹಂಗಾದ್ರೆ ವೈರೇ ಲೂಸಿತ್ತು ಬಿಡಿ. ನಾನ್ ಬಂದು ಅಲುಗಾಡಿಸಿದ್ಮೇಲೆ ಸ್ವಲ್ಪ ಹೊತ್ತಿಗೆ ನಿಂತ್ಹೋಯ್ತಲ್ಲ.” ಅವನು ನನ್ನನ್ನು ದಿಟ್ಟಿಸಿದ. “ಯಾಕೆ, ಏನಾಯ್ತು?”

ಕೇಳಬಾರದ ಮಾತು ಅದು. ಊರಿನಲ್ಲಿ ಈಗ ಯಾರಿಗೂ ಅದು ನೆನಪಿರಲಿಲ್ಲ. ಅದು ನನ್ನದು, ಬಂದು ಕೂತ್ಕೊಳ್ಳಿ ಎಂದು ಹೇಳಬಹುದಿತ್ತು. ಅವನು ಕೂರುತ್ತಿದ್ದ, ಒಳ್ಳೆಯವನು. ಆದರೆ ಸದ್ದು ನಿಂತಾಗಿತ್ತು. ಯಾವಾಗ ಏಳಬೇಕೆಂದು ಅವನಿಗೆ ಹೇಗೆ ಗೊತ್ತಾಗಬೇಕು?

“ಏನಿಲ್ಲ” ಎಂದೆ. “ಕತ್ತರಿಸಿದ್ದು ಇಟ್ಟಿದ್ದೀರಾ?”

“ಅದನ್ಯಾಕ್ರೀ ಇಡ್ಲಿ? ಅಳಿಸ್ಬಿಟ್ಟೆ. ಮೊದಲೇ ಜಾಗ ಇಲ್ಲ ಇದ್ರಲ್ಲಿ.” ಅವನಿಗೆ ಫೋನು ಬಂತು. “ಹಾಂ ಅಮ್ಮಿ” ಎನ್ನುತ್ತ ಎದ್ದು ಹೊರಗೆ ಹೋದ.

ಎದೆಯ ಮೇಲೆ ಕೈಯಿಟ್ಟು ನೋಡಿದೆ. ಏನೂ ಇರಲಿಲ್ಲ. ಆ ದಿನದ ನಂತರವೂ ಇಲ್ಲ. ತೆರೆಯ ಮೇಲೆ ಲೆಕ್ಕ ಕಾಣುತ್ತಿತ್ತು. ಒಟ್ಟು ರೆಕಾರ್ಡ್ ಮಾಡಿದ್ದು ಹದಿನೈದು ನಿಮಿಷ. ಉಳಿದದ್ದು ಹನ್ನೊಂದು. ಹೋದದ್ದು ನಾಲ್ಕು.